ವಾಪಸ್ ಕೊಟ್ಟ ಪೆನ್ ಡ್ರೈವ್

ಕಳೆದ ಮಳೆಗಾಲದಲ್ಲಿ ಡೊಂಬಿವಲಿ ಸ್ಟೇಷನ್ನಿನ ಹೊರಗೆ, ಫುಟ್‌ಪಾತ್ ಮೇಲೆ, ಎರಡು ಪೆನ್ ಡ್ರೈವ್ ಕೊಂಡೆ. ಒಂದೊಂದೂ 64 ಜಿಬಿ, ತಲಾ 200 ರೂಪಾಯಿ. ಅಂಗಡಿಯಲ್ಲಾದರೆ ಎರಡರಷ್ಟಾದರೂ ಕೊಡಬೇಕು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಂಡೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಮಾರಿದವನ ಬಗ್ಗೆ ಒಂದೆರಡು ಮಾತು ಬರಲಿದೆ.

ಅದೇ ತಿಂಗಳು ಸಾಗರಕ್ಕೆ ಹೋದಾಗ ಅತ್ತೆಯಿಂದ ಹಸೆ ಹಾಡುಗಳನ್ನು ಹಾಡಿಸಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡಿದ್ದೆ. 31 ಹಾಡು, ಸುಮಾರು 20 ಜಿಬಿ. ಫೋನು ತುಂಬಿತ್ತು. ಎಲ್ಲವನ್ನೂ ಒಂದು ಪೆನ್ ಡ್ರೈವಿಗೆ ಹಾಕಿ, ಮೊದಲಿನ ಎರಡನ್ನು ತೆರೆದು ನೋಡಿ, ಸರಿಯಿದೆ ಎಂದುಕೊಂಡು ಫೋನಿನಿಂದ ಅಳಿಸಿದೆ. ಎರಡು ತಿಂಗಳಾದ ಮೇಲೆ ನೋಡಿದರೆ ಮೊದಲ 11 ಹಾಡು ಇವೆ. ಉಳಿದವುಗಳ ಹೆಸರಿದೆ, ಗಾತ್ರವಿದೆ, ತಾರೀಖಿದೆ. ಹಾಡಿಲ್ಲ.

ಇದು ಹೇಗಾಗುತ್ತದೆ ಎಂದು ಆಮೇಲೆ ತಿಳಿದುಕೊಂಡೆ. ಒಳಗಿರುವುದು 8 ಜಿಬಿಯ ಚಿಪ್. ಅದನ್ನು ನಡೆಸುವ ಕಂಟ್ರೋಲರಿನ ಫರ್ಮ್‌ವೇರ್ ಬದಲಿಸಿ, ಕಂಪ್ಯೂಟರ್ ಕೇಳಿದಾಗ 64 ಎಂದು ಹೇಳುವಂತೆ ಮಾಡಿರುತ್ತಾರೆ. ಯಾವ ಕಡತ ಎಲ್ಲಿದೆ ಎಂಬ ಪಟ್ಟಿ ಡ್ರೈವಿನ ಆರಂಭದಲ್ಲೇ ಇರುವುದರಿಂದ ಅದು ಕೆಡುವುದಿಲ್ಲ, ಹೆಸರುಗಳೆಲ್ಲ ಕಾಣುತ್ತವೆ. ಎಂಟು ತುಂಬಿದ ಮೇಲೆ ಬಂದದ್ದು ಕೆಲವು ಡ್ರೈವುಗಳಲ್ಲಿ ಎಲ್ಲೂ ಉಳಿಯುವುದಿಲ್ಲ. ಇನ್ನು ಕೆಲವು ಮತ್ತೆ ಮೊದಲಿಗೆ ಬಂದು ಹಳೆಯದರ ಮೇಲೇ ಬರೆಯುತ್ತವೆ. ಫಾರ್ಮ್ಯಾಟ್ ಮಾಡಿದರೂ ಸುಳ್ಳು ಹೋಗುವುದಿಲ್ಲ.

ಕಂಡುಹಿಡಿಯುವ ನಂಬಿಕೆಯ ದಾರಿ, ಪೂರ್ತಿ ತುಂಬಿಸಿ ತಿರುಗಿ ಓದುವುದು. ವಿಂಡೋಸಿನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯೂ, ಲಿನಕ್ಸಿನಲ್ಲಿ ಎಫ್‌3 ಎಂಬ ಉಚಿತ ತಂತ್ರಾಂಶಗಳು ಇದೇ ಕೆಲಸ ಮಾಡುತ್ತವೆ. (64ರ ಡ್ರೈವು ವಿಂಡೋಸಿನಲ್ಲಿ 59 ಚಿಲ್ಲರೆ ಎಂದು ತೋರಿಸಿದರೆ ಗಾಬರಿ ಬೇಡ, ಅದು ಎಣಿಸುವ ಕ್ರಮದ ವ್ಯತ್ಯಾಸ ಅಷ್ಟೆ.) ನನ್ನ ಎರಡನ್ನೂ ಪರೀಕ್ಷೆಗೆ ಹಾಕಿದೆ. ಒಂದೊಂದಕ್ಕೆ ಮೂರು ಗಂಟೆಗೂ ಮಿಕ್ಕಿ ಹಿಡಿಯಿತು. ಎರಡರಲ್ಲೂ ಏಳು ಚಿಲ್ಲರೆ ಜಿಬಿ ಸರಿ, ಉಳಿದದ್ದು ನಷ್ಟ. ಇಷ್ಟಾದರೂ ಎಚ್‌2ಟೆಸ್ಟ್‌ಡಬ್ಲ್ಯೂ 'ಮೋಸ' ಎನ್ನುವುದಿಲ್ಲ, ಇದು ದೋಷಯುಕ್ತವಾಗಿರುವ ಸಾಧ್ಯತೆಯಿದೆ ಎಂದು ಮರ್ಯಾದೆಯಿಂದ ತಿಳಿಸುತ್ತದೆ.

ಆದರೆ ಕಳಪೆ ಬೇರೆ, ಖೋಟಾ ಬೇರೆ. ಕಳಪೆ ಡ್ರೈವು ನಿಧಾನ, ಬಿಸಿಯಾಗುತ್ತದೆ, ಒಂದು ದಿನ ಎರರ್ ಕೊಟ್ಟು ಕೂರುತ್ತದೆ. ಅದಕ್ಕೆ ಶಕ್ತಿ ಸಾಲದು, ಮತ್ತು ಆ ಮಾತನ್ನು ಅದು ಮುಚ್ಚಿಡುವುದಿಲ್ಲ. ಖೋಟಾದ್ದು ಎಂದೂ ಆಗದು ಎನ್ನುವುದಿಲ್ಲ. ಕೊಟ್ಟದ್ದನ್ನೆಲ್ಲ ನಗುನಗುತ್ತಾ ತೆಗೆದುಕೊಳ್ಳುತ್ತದೆ. ಆಫೀಸಿನಲ್ಲಿ ಯಾವ ಕೆಲಸಕ್ಕೂ ಇಲ್ಲ ಎನ್ನದವರನ್ನು ನಾವು ಎಷ್ಟು ಮೆಚ್ಚುತ್ತೇವೆ ಎಂಬುದು ಆಗ ನೆನಪಾಯಿತು, ಅದು ಹಾಗಿರಲಿ.

ನನ್ನನ್ನು ಕಾಡುತ್ತಿರುವುದು ಮುಂದಿನದು. ಹಾಡು ಹೋದ ಡ್ರೈವನ್ನು ತೆಗೆದುಕೊಂಡು ಮಾರಿದವನ ಹತ್ತಿರ ಜಗಳಕ್ಕೆ ಹೋದೆ. ಅವನು ಜಗಳವಾಡಲೇ ಇಲ್ಲ. ತನಗೂ ಹೀಗೇ ಬಂದದ್ದು ಎಂದ, 200 ರೂಪಾಯಿ ಎಣಿಸಿ ಕೊಟ್ಟ. ಡ್ರೈವನ್ನು ಅಂಗಿಗೆ ಒರೆಸಿ ಮತ್ತೆ ಟ್ರೇಗೆ ಹಾಕಿದ. 'ಎಂಟು ಜಿಬಿ ಅಂತ ಹೇಳಿಯಾದರೂ ಮಾರು' ಎಂದೆ. 'ಎಂಟು ಜಿಬಿ ಈಗ ಯಾರು ತಗೋತಾರೆ ಸಾಬ್?' ಎಂದು ನಕ್ಕ. ಕಲ್ಯಾಣ್ ಲೋಕಲ್ ಬಂತು, ಹತ್ತಿದೆ.

ಖೋಟಾ ನೋಟಿನ ವಿಷಯದಲ್ಲಿ ನಮ್ಮ ಕಾನೂನು ಸ್ಪಷ್ಟವಾಗಿದೆ. ಬ್ಯಾಂಕಿಗೆ ಒಯ್ದರೆ ಅದರ ಮೇಲೆ ಮುದ್ರೆ ಒತ್ತಿ ಇಟ್ಟುಕೊಳ್ಳುತ್ತಾರೆ. ನೋಟೂ ವಾಪಸಿಲ್ಲ, ಬದಲಿ ಹಣವೂ ಇಲ್ಲ. ಗೊತ್ತಿದ್ದೂ ಇನ್ನೊಬ್ಬರಿಗೆ ದಾಟಿಸಿದರೆ ಅಪರಾಧ. ಯಾರ ಕೈಯಲ್ಲಿ ಗೊತ್ತಾಯಿತೋ ನಷ್ಟ ಅವರದೇ. ಇದು ಅನ್ಯಾಯ ಎಂದು ಮೊದಲೆಲ್ಲ ಅನ್ನಿಸುತ್ತಿತ್ತು. ಆದರೆ ಸುಳ್ಳು ಎಲ್ಲೋ ಒಂದು ಕಡೆ ನಿಲ್ಲಬೇಕಾದರೆ, ಅದನ್ನು ಗುರುತಿಸಿದವನ ಹತ್ತಿರವಲ್ಲದೆ ಬೇರೆಲ್ಲಿ ನಿಲ್ಲಲು ಸಾಧ್ಯ? ಪರೀಕ್ಷೆಗೆ ಹಾಕುವ ತನಕ ನಾನು ಮೋಸಹೋದವನು. ಅದು ಮುಗಿದ ಮೇಲೆ, ಆ ಸ್ಟೇಷನ್ನಿನಲ್ಲಿ ಆ ಡ್ರೈವಿನ ಹಣೆಬರಹ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಅದನ್ನೇ 200 ರೂಪಾಯಿಗೆ ಮಾರಿ ಬಂದೆ.

ಧಾರವಾಡದ ರೂಮ್‌ಮೇಟ್ ಒಪ್ಪಲಿಲ್ಲ. 'ನಿನ್ನ ರೊಕ್ಕ ನೀ ಇಸಗೊಂಡಿ, ಇದರಾಗ ಮಾರೂದು ಎಲ್ಲಿ ಬಂತಲೇ?' ಎಂದ. ಗ್ರಾಹಕನಾಗಿ ನನಗೆ ಹಕ್ಕಿತ್ತು, ನಿಜ. ಬಡ ಕುಟುಂಬಕ್ಕೆ 200 ರೂಪಾಯಿ ಬಿಟ್ಟುಬಿಡಿ ಎಂದು ಉಪದೇಶ ಮಾಡುವ ಧೈರ್ಯವೂ ನನಗಿಲ್ಲ. ಆದರೆ ನಾನು ಬಡವನಲ್ಲ. ಅದನ್ನು ಅಲ್ಲೇ ಕಾಲಡಿ ಹಾಕಿ ಮುರಿದು ಬರಬಹುದಿತ್ತು.

ಎರಡನೆಯದು ನನ್ನ ಬಳಿಯೇ ಇದೆ. ಎಫ್‌3 ಬಳಸಿ ಏಳು ಜಿಬಿಗೆ ಕಟ್ಟಿಹಾಕಿದ್ದೇನೆ. 64ನ್ನು ಮಾರ್ಕರಿನಿಂದ ಹೊಡೆದು 7 ಎಂದು ಬರೆದಿದ್ದೇನೆ. ಝೆರಾಕ್ಸ್ ಅಂಗಡಿಗೆ ಒಯ್ಯಲು ಸಾಕು, ಉಳಿಸಿಕೊಳ್ಳಬೇಕಾದ್ದನ್ನು ಅದಕ್ಕೆ ಹಾಕುವುದಿಲ್ಲ. ಅತ್ತೆಗೆ ಫೋನ್ ಮಾಡಿ ವಿಷಯ ಹೇಳಿದಾಗ, 'ಹಬ್ಬಕ್ಕೆ ಬಾರೋ, ಮತ್ತೆ ಹಾಡ್ತೀನಿ, ನೆನಪಾದಷ್ಟು' ಎಂದರು. ಅವರಿಗೆ 78 ವರ್ಷ.

ಟ್ರೇಗೆ ಮರಳಿದ್ದನ್ನು ಇಷ್ಟರಲ್ಲಿ ಯಾರೋ ಕೊಂಡಿರುತ್ತಾರೆ. ಅವರೂ ಮೊದಲಿನ ಎರಡನ್ನು ತೆರೆದು ನೋಡಿರುತ್ತಾರೆ.