ಎರವಲು ತಂದ ಕೊಡಲಿ



ಅರಸುಗಳ ಎರಡನೆಯ ಗ್ರಂಥದ ಆರನೆಯ ಅಧ್ಯಾಯದಲ್ಲಿ ಎಲೀಷ ಪ್ರವಾದಿಯ ಬಳಿಯಲ್ಲಿ ಕಲಿಯುತ್ತಿದ್ದ ಶಿಷ್ಯರ ವೃತ್ತಾಂತವುಂಟು. ಅವರು ಆ ಕಾಲದ ವಿದ್ಯಾರ್ಥಿಗಳೇ ಸರಿ. ಇರುವ ಸ್ಥಳವು ಇಕ್ಕಟ್ಟಾಯಿತೆಂದು ಅವರು ಯೊರ್ದನಿನ ದಡಕ್ಕೆ ಹೋಗಿ ಮರ ಕಡಿಯುತ್ತಿರಲಾಗಿ, ಒಬ್ಬನ ಕೊಡಲಿಯು ಕಾವಿನಿಂದ ಜಾರಿ ನೀರಿನೊಳಗೆ ಬಿತ್ತು. ಆಗ ಅವನು ಅಂಗಲಾಚಿದ್ದು ಕಬ್ಬಿಣವು ಮುಳುಗಿತೆಂಬ ಕಾರಣಕ್ಕಲ್ಲ, ಅದು ಎರವಲು ತಂದದ್ದಾಗಿತ್ತೆಂಬ ಕಾರಣಕ್ಕೆ. ಸ್ವಂತ ಕೊಡಲಿಯಾಗಿದ್ದರೆ ನಷ್ಟವೊಂದೇ. ಎರವಿನದಾದದರಿಂದ ನಷ್ಟದ ಸಂಗಡ ಇನ್ನೊಬ್ಬನ ಮುಖವನ್ನು ನೋಡಬೇಕಾದ ಸಂಕಟವೂ ಬಂತು.

ಈ ವೃತ್ತಾಂತವು ನಮ್ಮ ನೆನಪಿಗೆ ಬಂದ ಕಾರಣವನ್ನು ತಿಳಿಸುತ್ತೇವೆ. ಕೆಲವು ದಿವಸಗಳ ಹಿಂದೆ ನಮ್ಮ ಸಭೆಯ ಒಬ್ಬ ಒಕ್ಕಲಿಗ ಸಹೋದರನು ಸಾಯಂಕಾಲದಲ್ಲಿ ಒಂದು ಕಾಗದದ ಕಟ್ಟನ್ನು ಹಿಡಿದು ನಮ್ಮ ಮನೆಗೆ ಬಂದನು. ಅವನ ಮಗನು ಹುಬ್ಬಳ್ಳಿಯಲ್ಲಿ ಪದವಿಯ ಕಡೇ ವರುಷದಲ್ಲಿ ಓದುತ್ತಾನೆ. ಮಗನಿಗೆ ಹೊಸ ಕಾರು ಬೇಕು. “ಉಪದೇಶಿಯವರೇ, ಇಲ್ಲಿ ಒಂದು ಸಹಿ ಹಾಕಿದರೆ ಸಾಕಂತೆ. ಕಂತೆಲ್ಲಾ ಅವನೇ ಕಟ್ಟುತ್ತಾನಂತೆ” ಅಂದನು. ನಾವು ಓದಿ ನೋಡಲಾಗಿ ಅದು ಜಾಮೀನಿನ ಪತ್ರವಾಗಿತ್ತು.

ಇಲ್ಲಿ ನಮ್ಮ ಹಳ್ಳಿಗಳ ತಂದೆತಾಯಿಗಳು ಬಹಳವಾಗಿ ಮೋಸಹೋಗುತ್ತಾರೆ. ಜಾಮೀನೆಂದರೆ ಒಳ್ಳೆಯ ನಡತೆಗೆ ಸಾಕ್ಷಿ ಹೇಳಿದ ಹಾಗೆ ಎಂದು ಎಣಿಸುತ್ತಾರೆ. ಹಾಗಲ್ಲ. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತು ಬರೆದಿಲ್ಲವಾದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮಗನು ತಪ್ಪಿದರೆ ತಂದೆಯ ಬಾಗಿಲಿಗೆ ಬರುವದಕ್ಕೆ ಅವರು ಮಗನನ್ನು ಹುಡುಕಿ ದಣಿಯಬೇಕಾದದ್ದಿಲ್ಲ. ಅಲ್ಲದೆ ತಪ್ಪಿದ ಕಂತು ಜಾಮೀನುದಾರನ ಹೆಸರಿನ ಸಾಲದ ಲೆಕ್ಕದಲ್ಲಿಯೂ ಕಾಣುವದು. ನಾಳೆ ಅವನು ಬೋರ್‌ವೆಲ್ಲಿಗೆಂದು ಬ್ಯಾಂಕಿಗೆ ಹೋದಾಗ ಅದೇ ಅಡ್ಡಬರುವದು.

ಇನ್ನು ಬಡ್ಡಿಯ ಮಾತು. ನೂರಕ್ಕೆ 10 ಎಂದು ಬಾಯಲ್ಲಿ ಹೇಳಿದರೆ ಸಾಲದು; ಯಾವ 10 ಎಂದು ಕೇಳತಕ್ಕದ್ದು. 3,00,000 ರೂಪಾಯಿಗಳನ್ನು ಐದು ವರುಷಕ್ಕೆ ತೆಗೆದುಕೊಂಡವನು, ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಕಟ್ಟುವದಾದರೆ ತಿಂಗಳಿಗೆ ಸುಮಾರು 6,374 ರೂಪಾಯಿ ಕೊಡುವನು. ಒಟ್ಟು ಬಡ್ಡಿ ಸುಮಾರು 82,400. ಆದರೆ ‘ಫ್ಲ್ಯಾಟ್’ ಎಂಬ ಲೆಕ್ಕದಲ್ಲಿ, ಅಸಲು ತೀರುತ್ತಾ ಬಂದರೂ ಪೂರ್ತಿ ಮೂರು ಲಕ್ಷದ ಮೇಲೆಯೇ ಕಡೇ ತನಕ ಬಡ್ಡಿ ಹಾಕುವರು. ಆಗ ಕಂತು 7,500, ಬಡ್ಡಿ 1,50,000. ನಿಜವಾಗಿ ನೋಡಿದರೆ ಇದು ನೂರಕ್ಕೆ 17ಕ್ಕೂ ಮೇಲಾದ ಬಡ್ಡಿ. ಹೆಸರು ಒಂದೇ, ಭಾರವು ಬೇರೆ. ಆ ಸಹೋದರನ ಕಾಗದದಲ್ಲಿ ಇದ್ದದ್ದು ಎರಡನೆಯದು.

ಇತ್ತ ಕಾರಿನ ಬೆಲೆಯು ಕಂತಿಗಾಗಿ ಕಾಯುವದಿಲ್ಲ. ವಿಮೆಯವರ ಪಟ್ಟಿಯಲ್ಲಿಯೇ ನಾಲ್ಕು ವರುಷ ದಾಟಿದ ವಾಹನಕ್ಕೆ ಹೊಸದರ ಅರ್ಧ ಬೆಲೆ. ಎತ್ತು ಮುದಿಯಾದ ಮೇಲೆಯೂ ಅದರ ಸಾಲ ಹರೆಯದಲ್ಲಿದ್ದರೆ ಒಕ್ಕಲಿಗನು ಏನನ್ನುವನು? ಅಷ್ಟು ಕಾಲವೂ ಆರ್‌.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರು ಕೂತಿರುತ್ತದೆ. ಕಡೇ ಕಂತು ತೀರಿ, ಅವರ ಒಪ್ಪಿಗೆಯ ಪತ್ರವನ್ನೂ 35ನೆಯ ನಮೂನೆಯನ್ನೂ ಆರ್‌ಟಿಓ ಕಚೇರಿಗೆ ಒಪ್ಪಿಸಿದ ಹೊರತು ಅದು ಅಳಿಯುವದಿಲ್ಲ.

ಹಾಗಾದರೆ ಸಾಲ ಮಾಡುವದೇ ಪಾಪವೋ? ನಾವು ಹಾಗೆ ಹೇಳುವದಿಲ್ಲ. ಕೊಡಲಿಯನ್ನು ಎರವಲು ತಂದ ಶಿಷ್ಯನನ್ನು ಎಲೀಷನು ಗದರಿಸಲಿಲ್ಲ. ಅವನು ಅದನ್ನು ಹೆಗಲ ಮೇಲೆ ಮೆರೆಸುವದಕ್ಕಲ್ಲ, ಮರ ಕಡಿಯುವದಕ್ಕೆ ತಂದಿದ್ದನು. ಕಾಲಿನ ಬಲವಿಲ್ಲದ ವಿದ್ಯಾರ್ಥಿಗೆ ಕೈಯಿಂದ ನಡೆಸುವ ವಾಹನ ಬೇಕಾದರೆ, ಅಥವಾ ರಾತ್ರಿ ಪಾಳಿಯಲ್ಲಿ ದುಡಿದು ಓದುವ ದಾದಿಗೆ ಬಸ್ಸಿಲ್ಲದಿದ್ದರೆ, ತೀರಿಸುವ ದಾರಿ ಕಂಡ ಸಾಲವನ್ನು ನಾವು ತಡೆಯೆವು. ಆದರೆ ದುಡಿಮೆಯೇ ಇನ್ನೂ ಇಲ್ಲದವನು, ಓದಿನ ಸಾಲವೊಂದು ಆಗಲೇ ಬೆಳೆಯುತ್ತಿರುವಾಗ, ಅದರ ಮೇಲೆ ಹೊಸ ಕಾರಿನ ಸಾಲವನ್ನು ಹೇರಿಕೊಳ್ಳುವದು ಬೇರೆ ಸಂಗತಿ. ಭಾನುವಾರ ದೇವಾಲಯದ ಮುಂದೆ ಕಾರು ನಿಂತರೆ ನಾಲ್ಕು ಜನ ತಿರುಗಿ ನೋಡುವರು, ನಿಜ. (ನಾವೂ ತಿರುಗಿ ನೋಡಿದವರೇ ಎಂದು ಒಪ್ಪಿಕೊಳ್ಳುತ್ತೇವೆ.)

ವಾಹನ ಬೇಕೇ ಆದರೆ ಕೂಡಿಟ್ಟ ಹಣಕ್ಕೆ ಒದಗುವ ಹಳೆಯದೇ ಓದುವವನಿಗೆ ತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಅಗ್ಗವೆಂದು ಕಣ್ಣು ಮುಚ್ಚಿ ಕೊಳ್ಳತಕ್ಕದ್ದಲ್ಲ. ಮಾರುವವನ ಸಾಲವು ಆರ್‌.ಸಿ.ಯಿಂದ ಅಳಿದಿದೆಯೋ, ಕಟ್ಟದ ದಂಡಗಳಿವೆಯೋ, ನೋಂದಣಿಯ 15 ವರುಷ ಮುಗಿಯಲಿಕ್ಕೆ ಎಷ್ಟು ಉಳಿದಿದೆಯೋ ನೋಡಬೇಕು. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಇತರರಿಗಾಗುವ ಹಾನಿಯ ವಿಮೆಯಿಲ್ಲದೆ ರಸ್ತೆಗೆ ತರಕೂಡದು. 29 ಮತ್ತು 30ನೆಯ ನಮೂನೆಗಳನ್ನು ಕೊಟ್ಟು ಹೆಸರನ್ನು ಬದಲಾಯಿಸದೆ ಬಿಡುವ ಸೋಮಾರಿತನ ನಮ್ಮಲ್ಲಿ ಬಹಳ. ಅಪಘಾತವಾದರೆ ಯಾರ ಹೆಸರಿನಲ್ಲಿ ನೋಂದಣಿಯಿದೆಯೋ ಅವನನ್ನೇ ಒಡೆಯನೆಂದು ಹಿಡಿಯತಕ್ಕದ್ದೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದದರಿಂದ ಹಳೆಯದನ್ನು ಮಾರುವವರೂ ಎಚ್ಚರವಾಗಿರಬೇಕು. ಹದಿನೆಂಟು ತುಂಬದ ಹುಡುಗನ ಕೈಗೆ ಬೀಗದ ಕೈ ಕೊಡುವ ತಂದೆಗೆ 2019ರ ತಿದ್ದುಪಡಿಯು 25,000 ರೂಪಾಯಿ ದಂಡವನ್ನೂ ಮೂರು ವರುಷದ ತನಕ ಸೆರೆಯನ್ನೂ ಇಟ್ಟಿದೆ.

ಆಗಲೇ ಸಾಲದಲ್ಲಿ ಸಿಕ್ಕಿಕೊಂಡವರಿಗೆ ಒಂದು ಮಾತು. ಆ ಶಿಷ್ಯನು ಕಬ್ಬಿಣ ಮುಳುಗಿದೊಡನೆ ಕೂಗಿಕೊಂಡನು. ಬರೇ ಕಾವನ್ನು ಬೀಸುತ್ತಾ ಕೆಲಸ ನಡೆದಿದೆಯೆಂದು ನಟಿಸಲಿಲ್ಲ. ಎಲ್ಲಿ ಬಿತ್ತೆಂದು ಪ್ರವಾದಿಯು ಕೇಳಿದಾಗ ಸ್ಥಳವನ್ನು ತೋರಿಸಿದನು. ಒಂದು ಕಂತು ತಪ್ಪಿದಾಗಲೇ ಮನೆಯವರಿಗೂ ಸಾಲ ಕೊಟ್ಟವರಿಗೂ ಹೇಳಿರಿ. ಆರು ತಿಂಗಳು ಮುಚ್ಚಿಟ್ಟು, ಕಾರನ್ನು ಎಳೆದುಕೊಂಡು ಹೋದ ದಿವಸದಲ್ಲಿ ತಾಯಿಗೆ ತಿಳಿಸಿದವನೊಬ್ಬನನ್ನು ನಾವು ಬಲ್ಲೆವು. ಆ ಮನೆಯಲ್ಲಿ ಅಂದು ನಾವು ಪ್ರಾರ್ಥನೆಗೆ ಬಾಯಿ ತೆರೆಯುವದಕ್ಕೂ ಹೊತ್ತು ಹಿಡಿಯಿತು.

ಕಾಗದ ತಂದಿದ್ದ ಸಹೋದರನು ಸಹಿ ಹಾಕದೆ ಹೋದನು. ಮುಂದಿನ ಭಾನುವಾರ ಮಗನನ್ನು ಕರೆದುಕೊಂಡು ಬಂದನು. ಮಗನ ಮುಖವು ಬಿಗಿದುಕೊಂಡಿತ್ತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಅವನೇ ಲೆಕ್ಕ ಮಾಡಲಿ ಎಂದು ನಾವು ಪೆನ್ಸಿಲನ್ನು ಅವನ ಕೈಗೆ ಕೊಟ್ಟೆವು. ಎರಡು ಸಾರಿ ಮಾಡಿದನು; ಎರಡು ಸಾರಿಯೂ ಲಕ್ಷದ ಐವತ್ತು ಸಾವಿರವೇ ಬಂತು. ಬಹಳ ಹೊತ್ತಿನ ಮೇಲೆ, “ಹಳೆಯದನ್ನು ನೋಡಲಿಕ್ಕೆ ನೀವೂ ಬರುತ್ತೀರೋ?” ಎಂದು ಕೇಳಿದನು. ಇಂಜಿನ್ನಿನ ವಿಷಯದಲ್ಲಿ ನಮಗೆ ಏನೂ ತಿಳಿಯದೆಂದೂ, ಪಕ್ಕದೂರಿನ ಮೇಸ್ತ್ರಿಯನ್ನು ಕರೆತರುವೆವೆಂದೂ ಹೇಳಿದೆವು.