ಓಡಿಬಂದವನು ದುಃಖದಿಂದ ಹೊರಟದ್ದೇಕೆ?



ಸಂತ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಒಬ್ಬ ಶ್ರೀಮಂತ ಬರುತ್ತಾನೆ. ಬರುತ್ತಾನೆ ಎಂದರೆ ಸಾಲದು, ಓಡಿಬರುತ್ತಾನೆ. ಬಂದು ಯೇಸುಸ್ವಾಮಿಯ ಮುಂದೆ ಮೊಣಕಾಲೂರುತ್ತಾನೆ. ಕುಷ್ಠರೋಗಿಗಳು ಹಾಗೆ ಬಂದದ್ದುಂಟು. ಇವನಿಗೆ ರೋಗವಿಲ್ಲ, ಹಸಿವಿಲ್ಲ. ದೇವರ ಆಜ್ಞೆಗಳನ್ನೂ ಚಿಕ್ಕಂದಿನಿಂದ ಪಾಲಿಸಿದವನು. ಆದರೂ ಏನೋ ಒಂದು ಕೊರತೆ ಅವನನ್ನು ಓಡಿಸಿಕೊಂಡು ಬಂದಿದೆ. ಸ್ವಾಮಿ ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದರು ಎಂಬ ಮಾತು ಮಾರ್ಕನಲ್ಲಿ ಮಾತ್ರ ಇದೆ. ಅಷ್ಟು ಪ್ರೀತಿ ಪಡೆದ ಅದೇ ಮನುಷ್ಯ ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ.

ಸಿರಿವಂತ ದೇಶಗಳ ಸುದ್ದಿ ಓದುವಾಗ ನನಗೆ ಅವನ ಮುಖ ನೆನಪಾಗುತ್ತದೆ. ಬ್ರಿಟನ್ ಸರ್ಕಾರ 2018ರಲ್ಲಿ ಒಂಟಿತನದ ಸಮಸ್ಯೆಯನ್ನು ನೋಡಿಕೊಳ್ಳಲೆಂದೇ ಒಬ್ಬ ಸಚಿವರಿಗೆ ಹೊಣೆ ಒಪ್ಪಿಸಿತು. ಜಪಾನ್ 2021ರಲ್ಲಿ ಹಾಗೆಯೇ ಮಾಡಿತು. ನಮ್ಮಲ್ಲಿ ನೀರಾವರಿಗೆ ಮಂತ್ರಿ, ಅಲ್ಲಿ ಒಂಟಿತನಕ್ಕೆ ಮಂತ್ರಿ! ನಗುವ ಮಾತಲ್ಲ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಮನೆತನದವರು. 2023ರ ಮೇ ತಿಂಗಳಲ್ಲಿ ಅವರು ಹೊರಡಿಸಿದ ಅಧಿಕೃತ ಎಚ್ಚರಿಕೆಯ ಪ್ರಕಾರ ಆ ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಒಂಟಿತನ ಅನುಭವಿಸಿದ್ದಾರೆ. ಸಂಬಂಧಗಳಿಲ್ಲದ ಬಾಳು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಆಯುಷ್ಯಕ್ಕೆ ಕೇಡು. ತಮ್ಮ ಪುಸ್ತಕದಲ್ಲಿ ಅವರು ಒಬ್ಬ ರೋಗಿಯ ಕಥೆ ಹೇಳುತ್ತಾರೆ. ಬೇಕರಿಯಲ್ಲಿ ದುಡಿಯುತ್ತಿದ್ದವನಿಗೆ ಲಾಟರಿ ಹತ್ತಿತು. ಕೆಲಸ ಬಿಟ್ಟ, ಕಾವಲು ಗೇಟಿನ ಬಡಾವಣೆಗೆ ಮನೆ ಬದಲಿಸಿದ. ಅಲ್ಲಿ ಹಳೆಯ ಗೆಳೆಯರಿಲ್ಲ, ಅವನ ಕೈಗುಣ ಮೆಚ್ಚಿ ಬರುವ ಗಿರಾಕಿಗಳಿಲ್ಲ. ಉಳಿದದ್ದು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಲಾಟರಿ ಹತ್ತಿದ್ದು ತನ್ನ ಬಾಳಿನ ದೊಡ್ಡ ಕೇಡುಗಳಲ್ಲೊಂದು ಎಂದು ವೈದ್ಯರ ಮುಂದೆ ಹೇಳಿಕೊಂಡನಂತೆ.

ಹಾಗಾದರೆ ಹಣವೇ ಪಾಪವೇ? ಹಾಗೆನ್ನುವುದು ಸುಲಭ, ಪ್ರಬೋಧನೆ ಮಾಡುವ ನಮಗಂತೂ ಬಹಳ ಸುಲಭ. ಫಿನ್‌ಲ್ಯಾಂಡ್ ಕೂಡ ಸಿರಿವಂತ ದೇಶವೇ. ವಿಶ್ವ ಸಂತೋಷ ವರದಿಯಲ್ಲಿ 2018ರಿಂದ 2025ರವರೆಗೆ ಪ್ರತಿ ವರ್ಷ ಮೊದಲ ಸ್ಥಾನ ಅದರದ್ದು. ಆ ವರದಿ ತೂಗುವುದು ಆದಾಯವನ್ನಷ್ಟೇ ಅಲ್ಲ. ಕಷ್ಟ ಬಂದರೆ ನಂಬಬಹುದಾದ ಬಂಧುಗಳೋ ಸ್ನೇಹಿತರೋ ನಿಮಗಿದ್ದಾರೆಯೇ ಎಂದೂ ಅದು ನೋಡುತ್ತದೆ. ಇನ್ನು ಬಡತನವನ್ನು ಹೊಗಳಲು ನನಗೆ ಮನಸ್ಸಿಲ್ಲ. ನಮ್ಮ ಖಾನಾಪುರ ತಾಲೂಕಿನಲ್ಲಿ ಭೀಮಗಡದ ಕಾಡಿನೊಳಗಿನ ಊರುಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ತಂದ ಸುದ್ದಿ ಓದಿದ್ದೇವೆ. ಅಂಥವರಿಗೆ ದಾರಿ ಬೇಕು, ವೈದ್ಯರು ಬೇಕು. ಅದು ನ್ಯಾಯದ ಮಾತು. ನನ್ನ ಚಿಂತೆ ಅದರ ಮುಂದಿನದು. ದಾರಿ ಆದ ಮೇಲೆ ಆ ಹೆಗಲುಗಳು ಉಳಿದಾವೆಯೇ?

ಸಂತ ತೋಮಾಸ್ ಅಕ್ವಿನಾಸ್ 13ನೆಯ ಶತಮಾನದಲ್ಲೇ ಸಂಪತ್ತನ್ನು ಎರಡಾಗಿ ವಿಂಗಡಿಸಿದ್ದರು. ಅನ್ನ, ಬಟ್ಟೆ, ಸೂರು ಸಹಜ ಸಂಪತ್ತು. ಅದರ ಆಸೆಗೆ ಮಿತಿ ಉಂಟು. ಹೊಟ್ಟೆ ತುಂಬಿದ ಮೇಲೆ ಹೋಳಿಗೆಯೂ ಬೇಡ. ಹಣ ಕೃತಕ ಸಂಪತ್ತು, ಅದಕ್ಕೆ ಸಾಕು ಎಂಬುದಿಲ್ಲ. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಹಣಕ್ಕೆ ಇನ್ನೊಂದು ಗುಣವೂ ಉಂಟೆಂದು ತಿಳಿಸಿಕೊಟ್ಟವರು ನಂದಗಡದ ಒಬ್ಬ ಅಜ್ಜಿ.

ಮೊದಲ ಶುಕ್ರವಾರ ಪರಮಪ್ರಸಾದ ಕೊಡಲು ಅವರ ಮನೆಗೆ ಹೋಗಿದ್ದೆ. ಮೊಣಕಾಲು ನೋವಿನಿಂದ ಅವರು ದೇವಾಲಯಕ್ಕೆ ಬರಲಾರರು. ಇಬ್ಬರು ಮಕ್ಕಳೂ ಕೊಲ್ಲಿ ದೇಶದಲ್ಲಿ. ಹಂಚಿನ ಮನೆ ಹೋಗಿ ಆರ್‌ಸಿಸಿ ಮನೆ ಬಂದಿದೆ. ಫ್ರಿಜ್, ಟಿವಿ, ಅಂಗಳದಲ್ಲೇ ಬೋರ್‌ವೆಲ್. ಮಕ್ಕಳು ರಾತ್ರಿ ಫೋನಿನಲ್ಲಿ ಮುಖ ತೋರಿಸಿ ಮಾತಾಡುತ್ತಾರೆ. ಒಳ್ಳೆಯ ಮಕ್ಕಳು, ಅವರಲ್ಲಿ ತಪ್ಪು ಹುಡುಕಲಾರೆ.

"ಎಲ್ಲಾ ಐತ್ರಿ ಫಾದರ್," ಎಂದರು ಅಜ್ಜಿ. "ಮನ್ಯಾಗ ನೀರು ಬಂತು, ಬಾವಿಗೆ ಹೋಗೂದು ತಪ್ಪಿತು. ಬಾವಿ ತಪ್ಪಿದ ಮ್ಯಾಲ ಮಂದಿನೂ ತಪ್ಪಿದ್ರು ನೋಡ್ರಿ."

ನನಗೆ ಮಾತು ಹೊರಡಲಿಲ್ಲ. ಆ ಮನೆಯನ್ನು ಆಶೀರ್ವದಿಸಿದವನು ನಾನೇ. ಕೋಣೆ ಕೋಣೆಗೂ ಪವಿತ್ರ ಜಲ ಚಿಮುಕಿಸಿ, ಊಟ ಮಾಡಿ, ಮಕ್ಕಳನ್ನು ಹೊಗಳಿ ಬಂದಿದ್ದೆ. ಆಮೇಲೆ ಅಜ್ಜಿ ಪೂಜೆಗೆ ಬರುವುದು ನಿಲ್ಲುವವರೆಗೂ ಆ ಹೊಸ್ತಿಲು ತುಳಿದಿರಲಿಲ್ಲ.

ಮತ್ತೆ ಬಾವಿಗೇ ಹೋಗಿರಿ ಎನ್ನಲಾರೆ. ಕೊಡ ಹೊತ್ತ ಸೊಂಟದ ನೋವು ಗಂಡಸರಾದ ನಮಗೇನು ಗೊತ್ತು? ಆದರೆ ಬಡತನ ಬಲವಂತದಿಂದ ಕೂಡಿಸಿದ್ದ ಜನರನ್ನು ಹಣ ಬಂದ ಮೇಲೆ ನಾವೇ ಮನಸ್ಸಿಟ್ಟು ಕೂಡಿಸಬೇಕಾಗುತ್ತದೆ. ಯಾರ ಬಾಗಿಲಿಗೂ ಹೋಗಿ ಬೇಡದಿರುವುದನ್ನು ಮರ್ಯಾದೆ ಎಂದುಕೊಂಡಿದ್ದೇವೆ. ಹಾಗೆ ಇರುತ್ತ ಇರುತ್ತ ಯಾರಿಗೂ ಬೇಡವಾದವರಾಗುತ್ತೇವೆ. ದೂರದ ದೇಶಗಳ ಕಾಯಿಲೆ ಎಂದು ನಾವು ಓದುವುದು ನಮ್ಮ ಓಣಿಯಲ್ಲೂ ಇದೆ.

ಆ ಶ್ರೀಮಂತನಿಗೆ ಸ್ವಾಮಿ ಹೇಳಿದ್ದರಲ್ಲಿ ಆಸ್ತಿ ಮಾರು ಎಂಬುದಷ್ಟೇ ನಮ್ಮ ಕಿವಿಗೆ ಬೀಳುತ್ತದೆ. ಬಂದು ನನ್ನನ್ನು ಹಿಂಬಾಲಿಸು ಎಂದೂ ಕರೆದರಲ್ಲ? ಬಂದಿದ್ದರೆ ಪೇತ್ರ, ಯೊವಾನ್ನರ ಜೊತೆ ದಾರಿ ನಡೆಯುತ್ತಿದ್ದ. ಮನೆಮಾರು ಬಿಟ್ಟವರಿಗೆ ಈ ಲೋಕದಲ್ಲೇ ನೂರ್ಮಡಿ ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರು ಸಿಗುವರೆಂಬ ವಾಗ್ದಾನ ಇರುವುದೂ ಅದೇ ಅಧ್ಯಾಯದಲ್ಲಿ. ಅವನು ತನ್ನ ಆಸ್ತಿಯ ಕಡೆಗೆ ಒಬ್ಬನೇ ನಡೆದ.

ಅಕ್ಟೋಬರ್ ತಿಂಗಳ ಜಪಸರವನ್ನು ಈ ಸಲ ಆ ಅಜ್ಜಿಯ ಅಂಗಳದಲ್ಲೇ ಆರಂಭಿಸಿದೆವು. ಹದಿನೈದು ಮಂದಿ ಬಂದಿದ್ದರು. ಚಹಾ ತಾನೇ ಮಾಡುವೆನೆಂದು ಅಜ್ಜಿ ಹಟ ಹಿಡಿದರು. ಸಕ್ಕರೆ ಸಾಲಲಿಲ್ಲ, ಒಬ್ಬ ಹುಡುಗನ ಕೈಗೆ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಕಳುಹಿಸಿದರು.