ಮೂರನೆಯವನು

2021ರ ಡಿಸೆಂಬರ್ 12, ಅಬುಧಾಬಿ ರೇಸ್. ನಾನು ವರ್ಸ್ಟಾಪನ್ ಕಡೆಯವನು, ಅವತ್ತು ರೂಮಲ್ಲಿ ಕುಣಿದಿದ್ದೇ ಕುಣಿದಿದ್ದು.

ಕೊನೇಲಿ ಲತೀಫಿ ಕಾರು ಗೋಡೆಗೆ ಬಡಿದು ಸೇಫ್ಟಿ ಕಾರ್ ಬಂತು. ಒಂದು ಸುತ್ತು ಹಿಂದೆ ಬಿದ್ದ ಕಾರುಗಳು ಮುಂದೆ ಹೋಗುವಂತಿಲ್ಲ ಎಂದಿದ್ದ ರೇಸ್ ಡೈರೆಕ್ಟರ್ ಮೈಕಲ್ ಮಾಸಿ, ಆಮೇಲೆ ಐದಕ್ಕೆ ಮಾತ್ರ ದಾರಿ ಬಿಟ್ಟರು. ಹ್ಯಾಮಿಲ್ಟನ್‌ಗೂ ವರ್ಸ್ಟಾಪನ್‌ಗೂ ನಡುವೆ ಇದ್ದದ್ದೇ ಆ ಐದು. ಉಳಿದದ್ದು ಒಂದೇ ಸುತ್ತು. ಹೊಸ ಟೈರಿನ ನಮ್ಮವನು ಗೆದ್ದ.

ರೇಸು ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಥರ ಮುಗೀಬಾರದು ಅನ್ನೋದು ಒಪ್ಪತಕ್ಕ ಮಾತೇ. ಆದರೆ ಮೂರನೇ ಸ್ಥಾನದಲ್ಲಿದ್ದ ಸಾಯಿನ್ಸ್ ಮುಂದಿನ ಅಂಥವೇ ಕಾರುಗಳು ಅಲ್ಲೇ ಉಳಿದವು. ಅವನಿಗೆ ರೇಸ್ ಬೇಡವಾ? ಹ್ಯಾಮಿಲ್ಟನ್‌ಗೆ ಅನ್ಯಾಯವಾಯ್ತಾ ಅಂತ ಗೆಳೆಯರೆಲ್ಲ ರಾತ್ರಿಯಿಡೀ ಜಗಳಾಡಿದೆವು. ಇವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ.

ನಿಯಮದಲ್ಲಿದ್ದ 'ಎನಿ' ಅಂದರೆ ಎಲ್ಲ ಕಾರು ಅಂತಲ್ಲ ಎಂದು ರೆಡ್ ಬುಲ್ ವಾದಿಸಿತ್ತು. ಎಫ್‌ಐಎ ಆಮೇಲೆ ಅದನ್ನ 'ಆಲ್' ಮಾಡಿತು, ಮನುಷ್ಯ ಮಾಡಿದ ತಪ್ಪು ಅಂತಲೂ ಬರೆಯಿತು. ಫಲಿತಾಂಶ ಮಾತ್ರ ಬದಲಾಗಲಿಲ್ಲ. ನಮ್ಮ ಆಫೀಸಲ್ಲೂ ಹೀಗೇ ಬಗ್ ಫಿಕ್ಸ್ ಮಾಡಿ ಟಿಕೆಟ್ ಕ್ಲೋಸ್ ಮಾಡ್ತೀವಿ.

ವರ್ಸ್ಟಾಪನ್ ಪೋಸ್ಟರ್ ಇನ್ನೂ ಗೋಡೆ ಮೇಲಿದೆ. ಅವನದೇನು ತಪ್ಪು ಬಿಡಿ. ಆ ಕೊನೇ ಸುತ್ತಿನ ವಿಡಿಯೋ ನೋಡುವಾಗ ಈಗೀಗ ನಾನು ಹುಡುಕೋದು ಹಿಂದಿರುವ ಕೆಂಪು ಫೆರಾರಿಯನ್ನ.